ಪಟಕ್ಕೆ ಕುಳಿತವರ ಹೆಸರು

‘ರೂಪದರ್ಶಿ’ ಎಂಬ ಮಾತು ಈಗ ಸೀರೆಯಂಗಡಿಗಳ ಜಾಹೀರಾತಿನ ಭಾಷೆಗೆ ಸೇರಿಹೋಗಿದ್ದರೂ, ಅದರೊಳಗೆ ಅಡಗಿರತಕ್ಕ ಒಂದು ಸೊಗಸಾದ ಇಬ್ಬಗೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ದೂರವನ್ನು ಕಾಣುವವನು ದೂರದರ್ಶಿ. ದಾರಿಯನ್ನು ತೋರುವವನು ಮಾರ್ಗದರ್ಶಿ. ಹಾಗಾದರೆ ರೂಪದರ್ಶಿಯೆಂದರೆ ರೂಪವನ್ನು ಕಾಣುವವರೋ, ತೋರುವವರೋ? ಕ್ಯಾಮರಾದ ಮುಂದೆ ಕುಳಿತವರಿಗೆ ಈ ಹೆಸರು ಸಲ್ಲತಕ್ಕದ್ದೋ, ಅದರ ಹಿಂದೆ ಒಂದು ಕಣ್ಣು ಮುಚ್ಚಿ ನಿಂತವನಿಗೋ? ಕಛೇರಿಯ ಕೆಲಸದಿಂದ ಬಿಡುವಾದ ಹೊತ್ತಿನಲ್ಲಿ, ಸಂಪಾದನೆಯ ಆಸೆಯಿಲ್ಲದೆ, 22 ವರ್ಷಗಳಿಂದ ಮೈಸೂರಿನಲ್ಲಿ ಜನರ ಮುಖಗಳ ಪಟಗಳನ್ನು ತೆಗೆಯುತ್ತ ಬಂದಿರುವ ನನಗೆ, ಒಂದು ಒಳ್ಳೆಯ ಭಾವಚಿತ್ರ ಹುಟ್ಟಬೇಕಾದರೆ ಆ ಹೆಸರು ಇಬ್ಬರಿಗೂ ಸಲ್ಲಬೇಕೆಂದು ತೋರುತ್ತದೆ. ತೋರುವವರು ಮನಸ್ಸಿಟ್ಟು ತೋರದಿದ್ದರೆ ಕಾಣುವವನ ಜಾಣ್ಮೆಯಿಂದ ಏನೂ ಆಗದು. ಕಾಣುವವನಿಗೆ ಕಾಣುವ ವ್ಯವಧಾನವಿಲ್ಲದಿದ್ದರೆ ತೋರುವವರ ಔದಾರ್ಯವೆಲ್ಲ ವ್ಯರ್ಥ.

ಈ ಮಾತನ್ನು ಕೇಳಿದೊಡನೆ ನನ್ನ ವಯಸ್ಸಿನ ಓದುಗರಿಗೆ ಕೆ.ವಿ. ಅಯ್ಯರ್ ಅವರ ಅದೇ ಹೆಸರಿನ ಕಾದಂಬರಿಯು ನೆನಪಾಗುವುದು ಸಹಜ. ಬಾಲಯೇಸುವಿನ ಮುಖಕ್ಕಾಗಿ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡ ಚಿತ್ರಕಾರನು, ಬಹುಕಾಲದ ಮೇಲೆ ಜೂಡಾಸನ ಮುಖಕ್ಕಾಗಿ ಹುಡುಕಿ ಹುಡುಕಿ ಕರೆತಂದ ಮನುಷ್ಯನೂ ಆ ಮಗುವೇ ಬೆಳೆದು ಆದವನೆಂಬ ಕಥೆ ಅದು. ಅದನ್ನು ಬರೆದವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದ ಅಂಗಸಾಧಕರು. ತಮ್ಮ ದೇಹವನ್ನೇ ಶಿಲ್ಪದಂತೆ ತಿದ್ದಿ, ಕ್ಯಾಮರಾದ ಮುಂದೆ ತಾವೇ ನಿಂತು ತೆಗೆಸಿದ ಪಟಗಳನ್ನು ತಮ್ಮ ವ್ಯಾಯಾಮಗ್ರಂಥಗಳಲ್ಲಿ ಅಚ್ಚುಹಾಕಿಸಿದವರು. ಪಟಕ್ಕೆ ನಿಲ್ಲುವವರ ಶ್ರಮವನ್ನು ಮೈಯಲ್ಲೇ ಅರಿತಿದ್ದ ಲೇಖಕರು ಕನ್ನಡದಲ್ಲಿ ಅವರೊಬ್ಬರೇ ಇರಬಹುದು. ಆ ಕಾದಂಬರಿಯನ್ನು ಓದಿ ಕೆಳಗಿಟ್ಟಾಗ ನನ್ನನ್ನು ಹಿಡಿದು ಕಾಡಿದುದು ಪಾಪಪುಣ್ಯಗಳ ವಿಚಾರವಲ್ಲ. ಒಬ್ಬರ ಮುಖವನ್ನು ಪಡೆದುಕೊಂಡವನ ಮೇಲೆ, ಕೆಲಸ ಮುಗಿದ ಮೇಲೂ, ಆ ಮುಖದ ಋಣವೆಂಬುದೊಂದು ಉಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯೇ ನನ್ನನ್ನು ಬಿಡದೆ ಹಿಂಬಾಲಿಸಿತು.

ಉಳಿಯುತ್ತದೆಂಬುದನ್ನು ನಾನು ಕಲಿತುದು ಒಂದು ಕಹಿಯಾದ ಭಾನುವಾರದಿಂದ. ಹವ್ಯಾಸಿ ಛಾಯಾಗ್ರಾಹಕರ ಕೂಟಗಳಲ್ಲಿ ಒಂದು ರೂಢಿಯುಂಟು: ಸದಸ್ಯರಿಂದ ಇಷ್ಟಿಷ್ಟೆಂದು ಹಣ ಕೂಡಿಸಿ, ಒಬ್ಬ ರೂಪದರ್ಶಿಯನ್ನು ಗೊತ್ತುಮಾಡಿ, ಊರ ಹೊರಗಿನ ಯಾವುದಾದರೂ ತೋಟಕ್ಕೆ ಬೆಳಗ್ಗೆ ಕರೆದೊಯ್ದು, ಎಲ್ಲರೂ ಸುತ್ತಲೂ ನಿಂತು ಪಟ ತೆಗೆಯುವುದು. ಅಂದು ನಾವು 18 ಜನ ಇದ್ದೆವು. ಬಂದಿದ್ದ ಹುಡುಗಿಗೆ ಬಾಡಿಗೆಗೆ ತಂದ ರೇಷ್ಮೆಯ ಸೀರೆಯನ್ನು ಉಡಿಸಿ, ಸೊಂಟದ ಮೇಲೆ ಹಿತ್ತಾಳೆಯ ಬಿಂದಿಗೆಯೊಂದನ್ನು ಇಡಿಸಿದ್ದರು. ಖಾಲಿಯ ಬಿಂದಿಗೆಯನ್ನು ಹೊತ್ತವರ ನಡು ಬಾಗುವುದಿಲ್ಲ, ಚಿತ್ರದಲ್ಲಿ ಅದು ಸುಳ್ಳಾಗಿ ಕಾಣುತ್ತದೆಂದು ನಮ್ಮಲ್ಲೊಬ್ಬರು ಹೇಳಿದ್ದರಿಂದ ಅರ್ಧದಷ್ಟು ನೀರನ್ನೂ ತುಂಬಿಸಿದ್ದರು. ‘ಮೇಡಂ, ಈ ಕಡೆ’, ‘ಮೇಡಂ, ಗಲ್ಲ ಸ್ವಲ್ಪ ಎತ್ತಿ’, ‘ಮೇಡಂ, ನಗಿ’ ಎಂದು ಹದಿನೆಂಟು ದಿಕ್ಕುಗಳಿಂದ ಹದಿನೆಂಟು ಕೊರಳುಗಳು ಕೂಗುತ್ತಿದ್ದುವು. ಹನ್ನೊಂದು ಗಂಟೆಯ ಬಿಸಿಲು ನೆತ್ತಿಗೆ ಏರುತ್ತಿದ್ದಿತು. ಆಕೆ ನನ್ನ ಕಡೆಗೆ ತಿರುಗಿದವಳು, ತುಟಿಯ ಮೇಲಿನ ನಗುವನ್ನು ಹಾಗೆಯೇ ಉಳಿಸಿಕೊಂಡು, ಬಹಳ ಮೆಲ್ಲಗೆ, ‘ಅಣ್ಣ, ಇದನ್ನ ಸ್ವಲ್ಪ ಕೆಳಗಿಡ್ಲಾ?’ ಎಂದು ಕೇಳಿದಳು. ನಾನು ಉತ್ತರ ಕೊಡುವುದರೊಳಗೆ ನನ್ನ ಹಿಂದಿನಿಂದ ಯಾರೋ, ‘ಒಂದೇ ನಿಮಿಷ ಮೇಡಂ’ ಎಂದರು. ಆಕೆ ಮತ್ತೆ ಆ ಕಡೆಗೆ ತಿರುಗಿದಳು.

ಮನೆಗೆ ಬಂದು ನೋಡಿದರೆ 312 ಪಟಗಳಿದ್ದುವು. ಬೆಳಕು ಸರಿಯಾಗಿದ್ದಿತು, ಸೀರೆಯ ಅಂಚಿನ ಜರಿಯ ಎಳೆ ಎಳೆಯೂ ಸ್ಪಷ್ಟವಾಗಿದ್ದಿತು. ಆದರೆ ಒಂದರಲ್ಲಿಯೂ ಆಕೆ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲದರಲ್ಲಿಯೂ ಆ ಕಣ್ಣುಗಳು ನನ್ನ ಭುಜದ ಪಕ್ಕದ ಇನ್ನಾವುದೋ ಕ್ಯಾಮರಾದ ಕಡೆಗೆ ಹೋಗುತ್ತಲೋ, ಅಲ್ಲಿಂದ ಹಿಂದಿರುಗುತ್ತಲೋ ಇದ್ದುವು. ಮುಂದೆ ಆ ಪಟಗಳಲ್ಲೊಂದು, ನಮ್ಮವರೇ ಇನ್ನೊಬ್ಬರು ತೆಗೆದುದು, ಒಂದು ಸ್ಪರ್ಧೆಯಲ್ಲಿ ‘ಹಳ್ಳಿಯ ಚೆಲುವೆ’ ಎಂಬ ಶೀರ್ಷಿಕೆಯಿಂದ ಬಹುಮಾನವನ್ನು ಪಡೆಯಿತು. ಆಕೆ ಹಳ್ಳಿಯವಳಲ್ಲ, ನಗರದ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗಿ, ಇಷ್ಟನ್ನು ಮಾತ್ರ ಹಿಂದಿರುಗುವಾಗ ವ್ಯಾನಿನಲ್ಲಿ ಆಕೆಯೇ ಹೇಳಿದ್ದಳು. ಹೆಸರನ್ನು ನಾವಾರೂ ಕೇಳಿರಲಿಲ್ಲ. ನಾಲ್ಕು ಗಂಟೆಗಳ ಕಾಲ ‘ಮೇಡಂ’ ಎಂದು ಕರೆದು, ಹೆಸರನ್ನು ಕೇಳದೆ ಬಂದೆವೆಂಬುದು ನನಗೆ ಹೊಳೆದುದು ಆ ಬಹುಮಾನದ ಸುದ್ದಿಯನ್ನು ಕೇಳಿದ ದಿನ. ಅಂದಿನಿಂದ ಅಂತಹ ಕೂಟಗಳಿಗೆ ನಾನು ಹೋಗಿಲ್ಲ. ಹೋಗುವವರು ಕೆಟ್ಟವರೆಂದು ನನ್ನ ಅಭಿಪ್ರಾಯವಲ್ಲ. ಹದಿನೆಂಟು ಜನರ ನಡುವೆ ನಿಂತ ಒಬ್ಬರ ಭಾವಚಿತ್ರವನ್ನು ತೆಗೆಯುವುದು ಯಾರಿಗೂ ಸಾಧ್ಯವಿಲ್ಲವೆಂಬುದು ಮಾತ್ರ ನನ್ನ ದೃಢವಾದ ನಂಬಿಕೆ.

ಆ ಬೇಸರದ ದಿನಗಳಲ್ಲಿ ನನಗೆ ದಾರಿ ತೋರಿಸಿದವರು, ಹವ್ಯಾಸಿಗಳಿಗೆಲ್ಲ ಹಿರಿಯಕ್ಕನೆಂದು ನಾನು ಭಾವಿಸಿರತಕ್ಕ ಜೂಲಿಯಾ ಮಾರ್ಗರೆಟ್ ಕ್ಯಾಮರನ್. 1815ರಲ್ಲಿ ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯೊಬ್ಬನ ಮಗಳಾಗಿ ಹುಟ್ಟಿ, ಮೆಕಾಲೆಯೊಡನೆ ನಮ್ಮ ದೇಶದ ಕಾನೂನು ಆಯೋಗದಲ್ಲಿ ಕೆಲಸ ಮಾಡಿದ ಚಾರ್ಲ್ಸ್ ಹೇ ಕ್ಯಾಮರನ್‌ನನ್ನು ಮದುವೆಯಾಗಿ, ಆಮೇಲೆ ಇಂಗ್ಲೆಂಡಿಗೆ ಹೋಗಿ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ ನೆಲೆಸಿದ ಈಕೆಯ ಕೈಗೆ ಮೊದಲ ಸ್ವಂತ ಕ್ಯಾಮರಾ ಬಂದುದು 1863ರ ಡಿಸೆಂಬರಿನಲ್ಲಿ, ಮಗಳು ಅಳಿಯಂದಿರ ಉಡುಗೊರೆಯಾಗಿ. ಆಗ ವಯಸ್ಸು 48. ಮಕ್ಕಳನ್ನು ಹೆತ್ತು, ಬೆಳೆಸಿ, ದಡ ಸೇರಿಸಿ, ಇನ್ನು ಕೃಷ್ಣಾ ರಾಮಾ ಎನ್ನಬಹುದೆಂದು ಲೋಕವು ಹೇಳುವ ಪ್ರಾಯದಲ್ಲಿ ಆಕೆ ಕಲ್ಲಿದ್ದಲಿನ ಕೋಣೆಯನ್ನು ಕತ್ತಲೆಯ ಕೋಣೆಯಾಗಿಯೂ, ಗಾಜು ಹಾಕಿದ ಕೋಳಿಗೂಡನ್ನು ಚಿತ್ರಶಾಲೆಯಾಗಿಯೂ ಮಾರ್ಪಡಿಸಿಕೊಂಡು ಕೆಲಸಕ್ಕೆ ನಿಂತಳು.

ಆ ಕೆಲಸದ ರೀತಿಯನ್ನು ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಾಜಿನ ಹಲಗೆಯ ಮೇಲೆ ಕಲೋಡಿಯನ್ ಎಂಬ ಅಂಟುದ್ರವವನ್ನು ಎಲ್ಲಿಯೂ ದಪ್ಪವಾಗದಂತೆ ಹರಡಿ, ಅದನ್ನು ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು, ಪಟ ತೆಗೆದು, ಆರುವುದಕ್ಕೆ ಮೊದಲೇ ಕತ್ತಲೆಯ ಕೋಣೆಗೆ ಒಯ್ದು ತೊಳೆದು ಮೂಡಿಸಬೇಕು. ಕೈಬೆರಳುಗಳು ಬೆಳ್ಳಿಯ ಲವಣದಿಂದ ಕಪ್ಪಾಗುವುವು. ಈ ರಾಸಾಯನಿಕಕ್ಕೆ ನೀಲಿಯ ಬೆಳಕು ಕಾಣುವಷ್ಟು ಕೆಂಪು ಕಾಣದು. ಆದುದರಿಂದ ಕೆಂಪೇರಿದ ಕೆನ್ನೆಯೂ ಅದರ ಪಾಲಿಗೆ ನೆರಳೇ ಸರಿ. ಇಷ್ಟೆಲ್ಲ ಆಗುವಾಗ ಎದುರಿಗೆ ಕುಳಿತವರು 3 ನಿಮಿಷ, 5 ನಿಮಿಷ, ಒಮ್ಮೊಮ್ಮೆ 7 ನಿಮಿಷಗಳವರೆಗೆ ಅಲುಗದೆ ಇರಬೇಕು. ಆಕೆಯ ಮುಂದೆ ಒಮ್ಮೆ ಕಿರೀಟವನ್ನು ಧರಿಸಿ ರಾಣಿಯಾಗಿ ಕುಳಿತಿದ್ದ ಒಬ್ಬ ಮಹಿಳೆ ಬಹುಕಾಲದ ಮೇಲೆ ತನ್ನ ಹೆಸರು ಹೇಳದೆ ಆ ಅನುಭವವನ್ನು ಬರೆದಿದ್ದಾಳೆ: ಮೊದಲ ನಿಮಿಷ ಕಳೆಯುವುದರೊಳಗೆ ಕಿರುಚಿಬಿಡಬೇಕೆನಿಸಿತಂತೆ, ಎರಡನೆಯದರಲ್ಲಿ ಕಣ್ಣುಗಳು ಕಿತ್ತುಬರುತ್ತವೆಯೋ ಎನಿಸಿತಂತೆ. ಕಾಣುವವರ ಚರಿತ್ರೆ ಗ್ರಂಥಗಳಲ್ಲಿ ತುಂಬಿದೆ. ತೋರುವವರು ತಮ್ಮ ಕೊರಳಿನಿಂದ ಹೇಳಿಕೊಂಡ ಇಂತಹ ಮಾತುಗಳು ಅತಿವಿರಳ. ನಾನು ಅದನ್ನು ಓದಿದಾಗ ನನಗೆ ಕಂಡುದು ಹಿತ್ತಾಳೆಯ ಬಿಂದಿಗೆ.

ಆದರೆ ಆ ನಿಮಿಷಗಳೇ ಆಕೆಯ ಚಿತ್ರಗಳಿಗೆ ಜೀವವನ್ನು ತಂದುವೆಂಬುದೂ ಅಷ್ಟೇ ನಿಜ. ಏಳು ನಿಮಿಷ ಯಾರೂ ನಗಲಾರರು; ಗಾಂಭೀರ್ಯವನ್ನು ನಟಿಸುವುದೂ ಅಷ್ಟು ಹೊತ್ತು ಸಾಗದು. ಮೊದಲ ನಿಮಿಷದಲ್ಲಿ ನಾವು ಲೋಕಕ್ಕಾಗಿ ಇಟ್ಟುಕೊಂಡ ಮುಖವು ಬಳಲಿ ಕಳಚಿಬೀಳುತ್ತದೆ. ಆಮೇಲೆ ಬರುವುದು ಒಬ್ಬರೇ ಇರುವಾಗಿನ ಮುಖ. ಉಸಿರಾಟದ ಏರಿಳಿತದಿಂದ ರೇಖೆಗಳು ತುಸು ಕದಲಿ, ಮಂಜಿನೊಳಗಿನಿಂದ ಎದ್ದುಬಂದಂತೆ ಆಕೆಯ ಚಿತ್ರಗಳು ಮಸುಕಾಗಿರುವುದನ್ನು ಲಂಡನ್ನಿನ ಛಾಯಾಗ್ರಹಣದ ಪಂಡಿತರು ಕಠಿಣವಾಗಿ ಟೀಕಿಸಿದರು. ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು, ಅದರ ಹಳೆಯ ಹೆಸರಿನಲ್ಲಿದ್ದಾಗ, 1865ರಲ್ಲಿಯೇ ಆ ಚಿತ್ರಗಳನ್ನು ಕೊಂಡುಕೊಂಡಿತು. ಯಾರ ಕಣ್ಣು ಸರಿಯಾಗಿದ್ದಿತೆಂಬುದನ್ನು ಕಾಲವೇ ತೀರ್ಮಾನಿಸಿದೆ.

ರೂಪದರ್ಶಿಗಳನ್ನು ಆಕೆ ಹೇಗೆ ನಡೆಸಿಕೊಂಡಳೆಂಬುದು ನನಗೆ ಹೆಚ್ಚಿನ ಆಸಕ್ತಿಯ ವಿಷಯ. ಮೊತ್ತಮೊದಲು ಆಕೆ ಕೂರಿಸಿದುದು ತನ್ನೂರಿನ ಒಬ್ಬ ರೈತನನ್ನು. ಗಂಟೆಗೆ ಅರ್ಧ ಕ್ರೌನ್, ಎಂದರೆ ಎರಡೂವರೆ ಷಿಲಿಂಗು, ಕೂಲಿಯೆಂದು ಕೊಟ್ಟು. ಎಷ್ಟೋ ಗಂಟೆಗಳ ಪ್ರಯೋಗದ ಮೇಲೆ ಮೂಡಿದ ಚಿತ್ರವನ್ನು ಸಂಭ್ರಮದಿಂದ ಎತ್ತಿ ಹಿಡಿದಾಗ, ಹಸಿಯ ಮೈಗೆ ಕೈ ತಾಗಿ ಅದು ಅಳಿಸಿಹೋಯಿತು. ಆಮೇಲೆ ಇಬ್ಬರು ಮಕ್ಕಳನ್ನು ಜೊತೆಯಾಗಿ ಕೂರಿಸಲು ಹೋಗಿ, ಒಂದು ಮಗು ನಕ್ಕು ಅದೂ ಕೆಟ್ಟಿತು. ಕೊನೆಗೆ ಒಬ್ಬಳೇ ಹುಡುಗಿಯನ್ನು ಕೂರಿಸಿ, ನೀನು ಅಲುಗಿದರೆ ನನ್ನ ದ್ರವ್ಯವೂ ಶ್ರಮವೂ ಹಾಳಾಗುವುದಲ್ಲಾ ಎಂದು ದೊಡ್ಡವರೊಡನೆ ಮಾತನಾಡುವಂತೆ ನಿವೇದಿಸಿಕೊಂಡಳು. ಆನಿ ಫಿಲ್ಪಾಟ್ ಎಂಬ ಆ ಹುಡುಗಿ ಅಲುಗದೆ ಕುಳಿತಳು. 1864ರ ಜನವರಿಯಲ್ಲಿ ತೆಗೆದ ಆ ಪಟವೇ ತನ್ನ ಮೊದಲ ಯಶಸ್ಸೆಂದು ಕ್ಯಾಮರನ್ ಮುಂದೆ ಬರೆದುಕೊಂಡಿದ್ದಾಳೆ. ಈ ಚಿತ್ರವನ್ನು ಆ ಮಗುವೇ ಮಾಡಿದಳೆನ್ನಿಸಿ, ಆಕೆಗೆ ಕೊಡಲು ಉಡುಗೊರೆಗಳನ್ನು ಹುಡುಕುತ್ತ ಮನೆಯೆಲ್ಲ ಓಡಾಡಿದಳು. ಅದೇ ದಿನ ಅಚ್ಚುಹಾಕಿ, ಬಣ್ಣಗಟ್ಟಿಸಿ, ಚೌಕಟ್ಟು ಕಟ್ಟಿ, ಹುಡುಗಿಯ ತಂದೆಗೆ ಒಪ್ಪಿಸಿದಳು. ಇಂದು ಗುಂಡಿಯೊತ್ತಿದ ಕ್ಷಣದಲ್ಲಿಯೇ ಪಟವನ್ನು ಕಾಣಬಲ್ಲ ನಾವು, ಕೂತವರಿಗೆ ಅದನ್ನು ತಲುಪಿಸಲು ‘ಕಳಿಸ್ತೀನಿ’ ಎನ್ನುತ್ತ ತಿಂಗಳುಗಳನ್ನು ನೂಕುತ್ತೇವೆ.

ದೊಡ್ಡವರೂ ಆಕೆಯ ಮುಂದೆ ಕುಳಿತರು. ನೆರೆಮನೆಯವನಾದ ಕವಿ ಟೆನ್ನಿಸನ್, ಕಾರ್ಲೈಲ್, ಡಾರ್ವಿನ್, ಹೀಗೆ. ಬೆಳ್ಳಿಯ ಲವಣಗಳನ್ನು ಕರಗಿಸತಕ್ಕ ಹೈಪೋವಿನ ಗುಣವನ್ನು ಕಂಡುಹಿಡಿದು ಈ ಕಲೆಯು ಸ್ಥಿರವಾಗುವಂತೆ ಮಾಡಿದ ವಿಜ್ಞಾನಿ ಜಾನ್ ಹರ್ಷೆಲ್‌ನನ್ನು 1867ರಲ್ಲಿ ಕೂರಿಸುವಾಗ, ಆತನ ಬಿಳಿಯ ಕೂದಲು ಬೆಳಕನ್ನು ಹಿಡಿಯಲೆಂದು ತಲೆ ತೊಳೆಸಿ ಕೆದರಿಸಿದಳೆಂದು ಹೇಳುತ್ತಾರೆ. ಆದರೆ ವರ್ಷಾನುವರ್ಷ ಆಕೆಯ ಮುಂದೆ ಕುಳಿತವರು ಮನೆಗೆಲಸದ ಹೆಣ್ಣುಮಕ್ಕಳು. ಫ್ರೆಶ್‌ವಾಟರಿನವಳೇ ಆದ ಮೇರಿ ಹಿಲಿಯರ್ ಎಷ್ಟು ಸಲ ಕನ್ಯೆ ಮರಿಯಳಾಗಿ ಕುಳಿತಳೆಂದರೆ, ಊರವರು ಅವಳನ್ನು ಮಡೋನ್ನಾ ಮೇರಿಯೆಂದೇ ಕರೆದರು. ಮೇರಿ ರಯಾನ್ ಎಂಬವಳು ಭಿಕ್ಷೆ ಬೇಡುತ್ತಿದ್ದ ಐರಿಷ್ ತಾಯಿಯ ಮಗಳು. ಕ್ಯಾಮರನ್ ಅವಳನ್ನು ಮನೆಗೆ ಕರೆತಂದು, ವಿದ್ಯೆ ಕಲಿಸಿ, ಕೆಲಸಕ್ಕೂ ಪಟಕ್ಕೂ ಇಟ್ಟುಕೊಂಡಿದ್ದಳು. ಪ್ರದರ್ಶನವೊಂದರಲ್ಲಿ ಅವಳ ಚಿತ್ರವನ್ನು ಕಂಡು ಮನಸೋತ ತರುಣನೊಬ್ಬ ಹುಡುಕಿಕೊಂಡು ಬಂದು 1867ರಲ್ಲಿ ಅವಳನ್ನು ಮದುವೆಯಾದನು. ಆ ತರುಣನು ಭಾರತದ ಸಿವಿಲ್ ಸರ್ವಿಸ್‌ಗೆ ಸೇರಿ, ನಿವೃತ್ತನಾದ ಮೇಲೆ 1904ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷನಾದ ಸರ್ ಹೆನ್ರಿ ಕಾಟನ್.

ಇಷ್ಟು ಗೌರವವನ್ನು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳದೆ ಇರಲಾರೆ. ಟೆನ್ನಿಸನ್ ಕುಳಿತ ಚಿತ್ರದ ಕೆಳಗೆ ಟೆನ್ನಿಸನ್ ಎಂದೂ, ಹರ್ಷೆಲ್ ಕುಳಿತುದರ ಕೆಳಗೆ ಹರ್ಷೆಲ್ ಎಂದೂ ಬರೆದ ಆಕೆ, ಮನೆಗೆಲಸದವಳು ಕುಳಿತಾಗ ದೇವಮಾತೆಯೆಂದೋ, ಗ್ರೀಕರ ಕವಯಿತ್ರಿಯೆಂದೋ, ಇನ್ನಾವುದೋ ಪುರಾಣದ ಹೆಸರನ್ನೋ ಬರೆದಳು. ಪುರುಷರಿಗೆ ಅವರ ಹೆಸರೇ ಸಾಕಾಗಿದ್ದಿತು. ಈ ಹೆಣ್ಣುಮಕ್ಕಳಿಗೆ ಬೇರೊಂದು ಹೆಸರು ಬೇಕಾಯಿತು. ‘ಹಳ್ಳಿಯ ಚೆಲುವೆ’ಯೂ ಅಂತಹ ಹೆಸರೇ ಅಲ್ಲವೆ?

ಕೂಟಗಳನ್ನು ಬಿಟ್ಟ ಮೇಲೆ ನನ್ನ ಚಿತ್ರಶಾಲೆಯೆಂದರೆ ನಮ್ಮ ಮನೆಯ ನಡುಕೋಣೆಯ ಉತ್ತರದ ಕಿಟಕಿ. ಆ ಕಿಟಕಿಯಲ್ಲಿ ನೇರ ಬಿಸಿಲು ಬೀಳುವುದು ಅಪರೂಪ. ಹಗಲೆಲ್ಲ ಒಂದೇ ಸಮನಾದ ತಂಪಾದ ಬೆಳಕು. ಕುಳಿತವರ ಒಂದು ಕೆನ್ನೆಗೆ ಆ ಬೆಳಕು. ಇನ್ನೊಂದು ಕೆನ್ನೆ ಕತ್ತಲೆಯಲ್ಲಿ ಮುಳುಗದಂತೆ ಆ ಕಡೆಗೆ ಕುರ್ಚಿಯ ಬೆನ್ನಿನ ಮೇಲೆ ಹರವಿದ ನನ್ನದೊಂದು ಬಿಳಿಯ ಪಂಚೆ. ಇದಕ್ಕಿಂತ ಹೆಚ್ಚಿನ ದೀಪವನ್ನು ನಾನು ಕೊಂಡಿಲ್ಲ. ಮುಖಕ್ಕೆ ತೀರ ಹತ್ತಿರ ಹೋಗಿ ತೆಗೆದರೆ ಮೂಗು ಹಿಗ್ಗಿ ಕಿವಿಗಳು ಹಿಂದೆ ಸರಿಯುತ್ತವೆ. ಇದು ಮಸೂರದ ದೋಷವಲ್ಲ, ದೂರದ ಲೆಕ್ಕ. ಆರೇಳು ಅಡಿಗಳಷ್ಟು ದೂರ ನಿಂತು, 85 ಮಿಲಿಮೀಟರಿನ ಮಸೂರದಿಂದ ನೋಡಿದರೆ, ಜಗುಲಿಯ ಮೇಲೆ ಎದುರುಬದುರಾಗಿ ಕುಳಿತು ಹರಟುವಾಗ ಕಾಣುವ ಮುಖವೇ ಪಟದಲ್ಲಿಯೂ ಕಾಣುತ್ತದೆ. ಅಷ್ಟು ದೂರವು ಕುಳಿತವರ ಮನಸ್ಸಿಗೂ ಹಿತ.

ಈ ಕಿಟಕಿಯ ಬಳಿ ನೆಂಟರೂ ನೆರೆಯವರೂ ಕುಳಿತಿದ್ದಾರೆ. ರೂಪದರ್ಶಿಯ ವೃತ್ತಿಗೆ ಹೊಸದಾಗಿ ಕಾಲಿಡುತ್ತಿರುವ ಹುಡುಗ ಹುಡುಗಿಯರೂ ಕುಳಿತಿದ್ದಾರೆ. ಅವರಿಗೆ ಅವಕಾಶಗಳನ್ನು ಕೇಳಲು ಒಳ್ಳೆಯ ಪಟಗಳು ಬೇಕು, ನಮಗೆ ಅಭ್ಯಾಸಕ್ಕೆ ಮುಖ ಬೇಕು. ಹಣದ ಮಾತಿಲ್ಲದೆ, ಪಟಗಳೇ ಪ್ರತಿಫಲವೆಂಬ ಒಪ್ಪಂದವು ಹವ್ಯಾಸಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಒಳ್ಳೆಯ ಒಪ್ಪಂದವೇ, ಆದರೆ ಬಾಯಿಮಾತಿನಲ್ಲಿ ಬಿಟ್ಟರೆ ಕೆಡುತ್ತದೆ. ಎಷ್ಟು ಪಟಗಳನ್ನು ಯಾವ ದಿನದೊಳಗೆ ಕೊಡುವೆನು, ಅವನ್ನು ಎಲ್ಲಿ ತೋರಿಸುವೆನು, ಎಲ್ಲಿ ತೋರಿಸಲಾರೆನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಜೊತೆಗೆ ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಬನ್ನಿರೆಂದು ನಾನೇ ಹೇಳುತ್ತೇನೆ. ಕುಳಿತವರ ಸೆರಗನ್ನಾಗಲಿ ಕೂದಲನ್ನಾಗಲಿ ಗಲ್ಲವನ್ನಾಗಲಿ ಕೈಯಿಂದ ಮುಟ್ಟಿ ಸರಿಪಡಿಸುವುದು ಸಲ್ಲದು; ಹೇಗೆ ತಿರುಗಬೇಕೆಂಬುದನ್ನು ನನ್ನ ಮುಖವನ್ನೇ ತಿರುಗಿಸಿ ತೋರಿಸುತ್ತೇನೆ. ಇವು ಸಣ್ಣ ಮಾತುಗಳೆಂದು ಹೇಳುವವರನ್ನು ಕಂಡಿದ್ದೇನೆ. ಕುಳಿತವರಿಗೆ ಅವು ಸಣ್ಣವಲ್ಲ. ಭಯದಿಂದ ಬಿಗಿದ ಭುಜವನ್ನು ಯಾವ ಬೆಳಕೂ ಸಡಿಲಿಸಲಾರದು.

ನಾನು ತೆಗೆದ ಪಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮಾತ್ರ ಆ ಕಿಟಕಿಯದಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಒಬ್ಬ ಅಜ್ಜಿಯ ಬಳಿ ಆರು ತಿಂಗಳ ಕಾಲ ಶುಕ್ರವಾರ ಶುಕ್ರವಾರ ಎರಡು ಮೊಳ ಮಲ್ಲಿಗೆ ಕೊಂಡ ಮೇಲೆ ಒಂದು ದಿನ ನಾನು, ‘ಅಮ್ಮ, ನಿಮ್ಮದೊಂದು ಪಟ ತೆಗೀಲಾ?’ ಎಂದು ಕೇಳಿದೆನು. ಆಕೆ ತಲೆಯೆತ್ತದೆ, ‘ಯಾಕ್ ಸ್ವಾಮಿ, ನನ್ ಮೊಕ್ದಲ್ಲಿ ಏನೈತೆ?’ ಎಂದಳು. ಮುಂದಿನ ಶುಕ್ರವಾರ ತಾನಾಗಿಯೇ, ‘ತೆಗೀತೀನಿ ಅಂದ್ರಲ್ಲ, ತೆಗೀರಿ’ ಎಂದಳು. ಹೊಸ ಸೀರೆಯನ್ನು ಉಟ್ಟು ಬಂದಿದ್ದಳು. ಬೆಳಗಿನ ಏಳು ಗಂಟೆಯ ಬೆಳಕು ಓಣಿಯ ಬಾಯಿಂದ ಓರೆಯಾಗಿ ಬೀಳುತ್ತಿದ್ದಿತು. ಎಡಗಡೆಗೆ ಆಕೆಯ ಮೊಮ್ಮಗನ ಕೈಯಲ್ಲಿ ಪಂಚೆಯನ್ನು ಹಿಡಿಸಿದೆನು. ಕ್ಯಾಮರಾ ಎತ್ತಿದೊಡನೆ ಆಕೆ ಕೈಗಳನ್ನು ತೊಡೆಯ ಮೇಲಿಟ್ಟು, ರೇಷನ್ ಕಾರ್ಡಿನ ಪಟಕ್ಕೆ ಕುಳಿತವರಂತೆ ಸೆಟೆದುಬಿಟ್ಟಳು. ನಾನು ಕ್ಯಾಮರಾವನ್ನು ಕೆಳಗಿಟ್ಟು, ‘ನನಗೆ ಎರಡು ಮೊಳ ಕಟ್ಟಿಕೊಡಿ’ ಎಂದೆನು. ಬಾಳೆಯ ನಾರನ್ನು ನೀರಿನಲ್ಲಿ ಅದ್ದಿ, ಮೊಗ್ಗುಗಳನ್ನು ಎರಡೆರಡಾಗಿ ಎದುರುಬದುರಾಗಿ ಜೋಡಿಸಿ, ಹೆಬ್ಬೆರಳಿನಿಂದ ಸುತ್ತಿ ಬಿಗಿಯುವ ಆ ಕೆಲಸ ಶುರುವಾದ ಮೂರನೆಯ ಗಂಟಿಗೆ ಆಕೆ ನನ್ನನ್ನು ಮರೆತಳು. ಎದುರಿನ ಮಲ್ಲಿಗೆಯ ರಾಶಿ ಅಚ್ಚಬಿಳಿಪು, ಆಕೆಯ ಮುಖ ಒಳ್ಳೆಯ ಎಣ್ಣೆಗಪ್ಪು. ಕ್ಯಾಮರಾವನ್ನು ಅದರ ಪಾಡಿಗೆ ಬಿಟ್ಟರೆ ಬಿಳಿಯ ರಾಶಿಗೆ ಹೆದರಿ ಬೆಳಕನ್ನು ತಗ್ಗಿಸಿ ಮುಖವನ್ನು ಮಸಿಮಾಡಿಬಿಡುತ್ತದೆ. ಆದುದರಿಂದ ಬೆಳಕನ್ನು ಆಕೆಯ ಕೆನ್ನೆಯ ಮೇಲೆಯೇ ಅಳೆದುಕೊಂಡು ಕಾದೆನು. ಸ್ವಲ್ಪ ಹೊತ್ತಿನ ಮೇಲೆ ಆಕೆ, ‘ಎರಡೇ ಮೊಳನಾ, ಮೂರಾ?’ ಎಂದು ಕೇಳುವುದಕ್ಕಾಗಿ ತಲೆಯೆತ್ತಿದಳು. ಆ ಒಂದೇ ಪಟವನ್ನು ತೆಗೆದೆನು.

ಮುಂದಿನ ವಾರ ಅದನ್ನು ಎಂಟಕ್ಕೆ ಹತ್ತು ಅಂಗುಲದ ಅಳತೆಯಲ್ಲಿ ಅಚ್ಚುಹಾಕಿಸಿ ಕೊಂಡೊಯ್ದೆನು. ನಾವೆಲ್ಲರೂ ನಮ್ಮ ಮುಖವನ್ನು ಕನ್ನಡಿಯಲ್ಲಿ ಎಡ ಬಲಗಳು ಅದಲುಬದಲಾಗಿ ಕಂಡೇ ಬಲ್ಲೆವಾದುದರಿಂದ, ಪಟದ ಮುಖವು ನಮಗೆ ಮೊದಲಿಗೆ ಪರಿಚಯದವರ ಮುಖದಂತೆ ಕಾಣುತ್ತದೆಯೇ ಹೊರತು ನಮ್ಮದಾಗಿ ಕಾಣುವುದಿಲ್ಲ. ಬಹಳ ಜನ ಆಗ ಮುಖ ಸಿಂಡರಿಸುತ್ತಾರೆ. ಆಕೆ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಪಟವನ್ನು ಹಿಡಿದು, ದೂರ ಮಾಡಿ, ಹತ್ತಿರ ಮಾಡಿ, ಬಹಳ ಹೊತ್ತು ನೋಡಿದಳು. ‘ಇದು ನಮ್ಮವ್ವ ಇದ್ದಂಗೈತೆ’ ಎಂದಳು. ಮತ್ತೆ ಸ್ವಲ್ಪ ತಡೆದು, ‘ನಮ್ಮವ್ವಂದು ಒಂದೂ ಪಟ ಇಲ್ಲ ಸ್ವಾಮಿ. ಇದ್ನೇ ಇಟ್ಕತೀನಿ. ನಂಜನಗೂಡಲ್ಲಿ ನಮ್ ತಂಗಿ ಅವ್ಳೆ, ಅವ್ಳಿಗೊಂದು ಬೇಕು’ ಎಂದಳು. ಆ ಎರಡನೆಯ ಪ್ರತಿಯನ್ನೂ ಕೊಟ್ಟೆನು. ಪಟದ ಹಿಂದೆ ಆಕೆಯ ಹೆಸರನ್ನೂ, ಆಕೆ ಹೇಳಿದಂತೆ ತಾಯಿಯ ಹೆಸರನ್ನೂ ಬರೆದಿದ್ದೇನೆ. ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದಾಗ ಬೇಡವೆಂದಳು. ಆದುದರಿಂದ ಇಲ್ಲಿ ಬರೆಯುತ್ತಿಲ್ಲ. ಹೆಸರನ್ನು ಬರೆಯುವ ಹೊಣೆ ನಮ್ಮದು; ಅದನ್ನು ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದೆಂಬ ಅಧಿಕಾರ ಅವರದು.

ಕ್ಯಾಮರನ್ ದಂಪತಿಗಳು 1875ರಲ್ಲಿ ಇಂಗ್ಲೆಂಡನ್ನು ಬಿಟ್ಟು, ತಮ್ಮ ಕಾಫಿ ತೋಟಗಳಿದ್ದ ಸಿಂಹಳಕ್ಕೆ ಬಂದು ನೆಲೆಸಿದರು. ಅಲ್ಲಿಯೂ ಆಕೆ ಕ್ಯಾಮರಾವನ್ನು ಬಿಡಲಿಲ್ಲ. 1877ರಲ್ಲಿ ಆಕೆಯನ್ನು ಕಾಣಲು ಹೋಗಿದ್ದ, ಗಿಡಮರಗಳ ಚಿತ್ರಗಾರ್ತಿ ಮೇರಿಯನ್ ನಾರ್ತ್, ಬೆನ್ನಿನ ಸೌಷ್ಠವವನ್ನು ಕಂಡೇ ಒಬ್ಬನನ್ನು ಮಾಲಿಯ ಕೆಲಸಕ್ಕೆ ಇಟ್ಟುಕೊಂಡಿದ್ದರೆಂದು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಮನೆಗೆ ಆಗ ತೋಟವೇ ಇರಲಿಲ್ಲವಂತೆ. ಸಿಂಹಳದಲ್ಲಿ ತೆಗೆದ ಚಿತ್ರಗಳಲ್ಲಿ ಉಳಿದಿರುವುವು ಕೆಲವೇ. ಕಳುತರದ ರೈತರು, ತೋಟದ ಕೂಲಿಯವರು, ಒಬ್ಬ ಹುಡುಗಿ. ಆ ಹುಡುಗಿಯ ಕಣ್ಣುಗಳು ಮೇರಿ ಹಿಲಿಯರಳ ಕಣ್ಣುಗಳಷ್ಟೇ ಆಳವಾಗಿವೆ. ಆದರೆ ಆಕೆಗೆ ಪುರಾಣದ ಹೆಸರೂ ಇಲ್ಲ, ಮನೆಯ ಹೆಸರೂ ಇಲ್ಲ. 1879ರ ಜನವರಿಯಲ್ಲಿ ಕ್ಯಾಮರನ್ ಆ ದ್ವೀಪದ ಬೆಟ್ಟಗಳ ನಡುವೆ ತೀರಿಕೊಂಡಳು. ಬೊಗವಂತಲಾವೆಯ ಇಗರ್ಜಿಯ ಅಂಗಳದಲ್ಲಿ ಗಂಡ ಹೆಂಡಿರ ಸಮಾಧಿಗಳಿವೆ. ಮೇರಿ ಹಿಲಿಯರ್ ತೋಟಗಾರನೊಬ್ಬನನ್ನು ಮದುವೆಯಾಗಿ 1936ರವರೆಗೆ ಫ್ರೆಶ್‌ವಾಟರಿನಲ್ಲಿಯೇ ಬಾಳಿದಳು. ಅವಳ ಬಾಳಿನ ಸಂಗತಿಗಳನ್ನು ಊರಿನವರೂ ಸಂಶೋಧಕರೂ ಕೂಡಿಸಿ ಬರೆದಿಟ್ಟಿದ್ದಾರೆ. ಸಿಂಹಳದ ಹುಡುಗಿಯ ವಿಷಯವಾಗಿ ಹಾಗೆ ಬರೆದಿಡಲು ಒಂದು ಅಕ್ಷರವೂ ಉಳಿದಿಲ್ಲ.

ನನ್ನ ಬಳಿ ಆ 312 ಪಟಗಳು ಈಗಲೂ ಇವೆ. ಕೂಟದ ಹಳೆಯ ಗೆಳೆಯರನ್ನು ವಿಚಾರಿಸಿದೆನು. ಆಕೆಯನ್ನು ಗೊತ್ತುಮಾಡಿದ್ದವರೂ ಹೆಸರನ್ನು ಬರೆದಿಟ್ಟುಕೊಂಡಿರಲಿಲ್ಲ. ಅವನ್ನು ಯಾವ ಪ್ರದರ್ಶನಕ್ಕೂ ಕಳುಹಿಸಿಲ್ಲ. ಎಂದಾದರೂ ಆಕೆ ಎದುರಾದರೆ ಒಪ್ಪಿಸೋಣವೆಂದು ಇಟ್ಟುಕೊಂಡಿದ್ದೇನೆ. ಈ ಲೇಖನವನ್ನು ಓದುತ್ತಿರುವವರಲ್ಲಿ ಯಾರಾದರೂ ಇಂದು ಮಧ್ಯಾಹ್ನ ಕ್ಯಾಮರಾವನ್ನು ಹೆಗಲಿಗೇರಿಸಿ ಹೊರಡುವವರಿದ್ದರೆ, ಅವರಲ್ಲಿ ನನ್ನದೊಂದು ಬಿನ್ನಹ: ಹೊಸ ಮುಖವನ್ನು ಹುಡುಕುವುದಕ್ಕೆ ಮೊದಲು, ಕಳೆದ ತಿಂಗಳು ನಿಮಗೆ ಕುಳಿತವರ ಪಟವೊಂದನ್ನು ಅಚ್ಚುಹಾಕಿಸಿರಿ. ಒಂದು ಹೊತ್ತಿನ ಊಟದ ಬೆಲೆಗಿಂತ ಹೆಚ್ಚು ಆಗುವುದಿಲ್ಲ. ಹಿಂಬದಿಯಲ್ಲಿ ಅವರ ಹೆಸರನ್ನೂ ತಾರೀಖನ್ನೂ ಬರೆದು, ಅವರ ಮನೆಯವರೆಗೆ ಹೋಗಿ ಕೈಯಲ್ಲಿ ಕೊಟ್ಟು ಬನ್ನಿರಿ.